ಗೌಂಡಿಯ ಕೈ ತಿನ್ನುವ ಕ್ರೋಮಿಯಂ

ತೆಂಗಳಿಯಿಂದ ಸೇಡಂ ಕಡೆಗೆ ಹೊರಡಿ, ಚಿತ್ತಾಪುರ-ವಾಡಿಯ ಕಡೆಗೆ ಹೊರಡಿ, ಇಲ್ಲವೇ ಚಿಂಚೋಳಿಯ ಹಾದಿ ಹಿಡಿಯಿರಿ. ಮುಖ್ಯವಾಗಿ ಕಣ್ಣಿಗೆ ಬೀಳುವುದು ಎರಡೇ. ನೆಲದ ಮೇಲೆ ತೊಗರಿ, ನೆಲದ ಕೆಳಗೆ ಸುಣ್ಣಕಲ್ಲು. ಈ ಸೀಮೆಯಲ್ಲಿ ನೀರಿಗೆ ಬರ ಬಂದೀತು, ಕಲ್ಲಿಗೆ ಬರವಿಲ್ಲ. ಮನೆಯ ಗೋಡೆ ಕಲ್ಲಿನದು, ನೆಲದ ಹಾಸು ಫರಸಿಯದು, ದನಗಳ ಗ್ವಾದಲಿಯೂ ಕಲ್ಲಿನದೇ. ಶಹಾಬಾದ್ ಕಲ್ಲು ಎಂದರೆ ದೇಶದ ಯಾವ ಮೂಲೆಯ ಗೌಂಡಿಗೂ ಗೊತ್ತು.

ಆ ಕಲ್ಲನ್ನೇ ಪುಡಿ ಮಾಡಿ, ಸ್ವಲ್ಪ ಜೇಡಿಮಣ್ಣು ಕೂಡಿಸಿ, ಕೆಂಡದಂತೆ ಕಾಯಿಸಿದರೆ ಸಿಮೆಂಟ್. ನಿಜಾಮರ ಆಳ್ವಿಕೆಯ ಕಾಲದಲ್ಲೇ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಬಂದಿತ್ತು. 1936ರಲ್ಲಿ ಹತ್ತು ಕಂಪನಿಗಳು ಒಂದುಗೂಡಿ ಎ.ಸಿ.ಸಿ. ಆದಾಗ ಆ ಹತ್ತರಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಒಂದಾಗಿತ್ತು. 1968ರಲ್ಲಿ ವಾಡಿ, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂ, ಈ ಶತಮಾನದಲ್ಲಿ ಚಿಂಚೋಳಿ ಮತ್ತು ಚಿತ್ತಾಪುರದ ಹಳ್ಳಿಗಳು, ಹೀಗೆ ಗೂಡುಗಳು ಒಂದರ ಹಿಂದೊಂದು ಎದ್ದವು. ರಾಷ್ಟ್ರಕೂಟರು ರಾಜಧಾನಿ ಕಟ್ಟಿಕೊಂಡಿದ್ದ ಮಾನ್ಯಖೇಟ ಇವತ್ತು ಹೊರಗಿನವರಿಗೆ ಗೊತ್ತಿರುವುದು ಹೆಚ್ಚಾಗಿ ಸಿಮೆಂಟಿನ ಊರು ಎಂದೇ.

ಹೀಗೆ ಇಲ್ಲಿಯ ಕಲ್ಲು ಚೀಲ ಸೇರಿ ರೈಲು, ಲಾರಿ ಹತ್ತಿ ಹೈದರಾಬಾದಿಗೆ, ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ ಹೋಗುತ್ತದೆ. ಅದರ ಬೆನ್ನಿಗೇ ಇಲ್ಲಿಯ ಹಳ್ಳಿಗಳಿಂದ, ತಾಂಡಾಗಳಿಂದ ಮನುಷ್ಯರೂ ಹೋಗುತ್ತಾರೆ. ತೊಗರಿ ರಾಶಿ ಮುಗಿಯಿತೆಂದರೆ ಗಂಡ ಹೆಂಡತಿ ಮಕ್ಕಳೊಂದಿಗೆ ಕಟ್ಟಡದ ಕೆಲಸಕ್ಕೆ ಗುಳೇ ಹೊರಡುವುದು ಇಲ್ಲಿಯ ಅನೇಕ ಕುಟುಂಬಗಳಿಗೆ ವರ್ಷದ ಪಾಠ. ಮನೆಯ ಹಿಂದಿನ ಗುಡ್ಡದ ಕಲ್ಲನ್ನು ಪರ ಊರಿನಲ್ಲಿ ಪುಡಿಯಾಗಿ ಕಂಡು, ನೀರು ಹಾಕಿ ಕಲಸುವುದೇ ಅವರ ಕೆಲಸ.

ಅಂಥ ಯಾವುದೇ ಕಟ್ಟಡದ ಬಳಿ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಕುಳಿತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ.

“ಮಾಮಾ, ಕೈಗ ಏನಾಗ್ಯಾದ? ರೊಟ್ಟಿ ಮುರಿಲಾಕೂ ಆಗವಲ್ದು?”

“ಏನಿಲ್ಲೋ ತಮ್ಮಾ, ಸಿಮಿಟ್ ತಿಂದದ.”

ಹೀಗೆಂದು ಮಾಮ ಕೈ ಝಾಡಿಸಿ ಸುಮ್ಮನಾಗುತ್ತಾನೆ. ಆ ಕೈಯನ್ನು ಒಮ್ಮೆ ನೋಡಬೇಕು. ಅಂಗೈ ಬಿರುಕು ಬಿಟ್ಟ ಎರೆ ಹೊಲದಂತೆ ಸೀಳಿದೆ. ಬೆರಳ ಸಂದಿಗಳಲ್ಲಿ ಕೆಂಪು, ಸಣ್ಣ ಗುಳ್ಳೆ, ಒಡೆದ ಕಡೆ ಕೀವಿನ ನೀರು. ಹಿಂಗೈ ದಪ್ಪಗಾಗಿ ಆನೆಯ ಚರ್ಮದಂತೆ ಗೆರೆ ಗೆರೆಯಾಗಿದೆ. ರಾತ್ರಿ ಕಡಿತಕ್ಕೆ ನಿದ್ದೆಯಿಲ್ಲ. ಕೆಲಸ ಬಿಟ್ಟು ಊರಿಗೆ ಬಂದು ಹದಿನೈದು ದಿನ ಇದ್ದರೆ ಮಾಯುತ್ತದೆ. ಮತ್ತೆ ಕರಣೆ ಹಿಡಿದ ವಾರದಲ್ಲೇ ಮರಳುತ್ತದೆ.

‘ಸಿಮೆಂಟ್ ತಿಂದಿದೆ’ ಎಂಬ ಮಾತು ಸುಳ್ಳಲ್ಲ. ಆದರೆ ಸಿಮೆಂಟಿನೊಳಗೆ ಕುಳಿತು ತಿನ್ನುವುದು ಯಾವುದು ಎಂಬುದನ್ನು ತಿಳಿಯಲು ವಿಜ್ಞಾನಿಗಳಿಗೂ ಬಹಳ ಕಾಲ ಹಿಡಿಯಿತು. ಉತ್ತರ ಸಿಕ್ಕದ್ದು ಸುಣ್ಣದಲ್ಲಿ ಅಲ್ಲ, ಮರಳಿನಲ್ಲೂ ಅಲ್ಲ. ಬಚ್ಚಲ ನಲ್ಲಿಗೆ ಹೊಳಪು ಕೊಡುವ, ಅಡಿಗೆಮನೆಯ ಸ್ಟೀಲ್ ತಟ್ಟೆಗೆ ತುಕ್ಕು ಹಿಡಿಯದಂತೆ ಕಾಯುವ ಕ್ರೋಮಿಯಂ ಎಂಬ ಲೋಹದಲ್ಲಿ!

ಬಣ್ಣಗಳ ಲೋಹ

1797ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ವೋಕ್ಲಾಂ ಸೈಬೀರಿಯಾದಿಂದ ಬಂದ ಕೆಂಪು ಅದಿರೊಂದನ್ನು ಪರೀಕ್ಷಿಸುತ್ತಿದ್ದಾಗ ಈ ಹೊಸ ಧಾತುವನ್ನು ಕಂಡ. ಮರುವರ್ಷ ಲೋಹವನ್ನೂ ಬೇರ್ಪಡಿಸಿದ. ಇದರ ಲವಣಗಳು ಹಳದಿ, ಕಿತ್ತಳೆ, ಕೆಂಪು, ಹಸಿರು ಎಂದು ನಾನಾ ಬಣ್ಣ ತಳೆಯುವುದರಿಂದ ಗ್ರೀಕ್ ಭಾಷೆಯ ‘ಕ್ರೋಮಾ’ ಅಂದರೆ ಬಣ್ಣ ಎಂಬ ಪದದಿಂದ ಕ್ರೋಮಿಯಂ ಎಂಬ ಹೆಸರು ಬಂದಿತು. ಮಾಣಿಕ್ಯದ ಕೆಂಪಿಗೂ ಪಚ್ಚೆಯ ಹಸಿರಿಗೂ ಕಾರಣ ಒಂದೇ, ಅವುಗಳಲ್ಲಿ ಸೇರಿದ ಚಿಟಿಕೆ ಕ್ರೋಮಿಯಂ.

ಈ ಲೋಹವಿಲ್ಲದೆ ಇಂದಿನ ಜೀವನ ನಡೆಯದು. ಅಡಿಗೆಮನೆಯ ಸ್ಟೀಲಿನಲ್ಲಿ ನೂರಕ್ಕೆ ಹದಿನೆಂಟು ಪಾಲಿನವರೆಗೆ ಕ್ರೋಮಿಯಂ ಇರುತ್ತದೆ. (ಓದುಗರು ಗಾಬರಿಯಾಗಿ ತಟ್ಟೆ ಲೋಟ ಎಸೆಯಬೇಕಾಗಿಲ್ಲ. ಅಲ್ಲಿರುವುದು ಲೋಹ ರೂಪದ ಕ್ರೋಮಿಯಂ, ಅದು ಗಟ್ಟಿಯಾದ ಆಕ್ಸೈಡ್ ಪೊರೆಯೊಳಗೆ ಭದ್ರವಾಗಿರುತ್ತದೆ.) ಮೋಟಾರ್ ಸೈಕಲ್ಲಿನ ಹೊಳೆಯುವ ಭಾಗಗಳಿಗೆ ಕ್ರೋಮ್ ಲೇಪನ, ಚರ್ಮ ಹದ ಮಾಡಲು ಕ್ರೋಮಿಯಂ ಸಲ್ಫೇಟ್, ಹಳದಿ ಪೇಂಟಿಗೆ ಲೆಡ್ ಕ್ರೋಮೇಟ್, ಕುಲುಮೆಗಳ ಒಳಗೋಡೆಗೆ ಕ್ರೋಮ್ ಇಟ್ಟಿಗೆ. ದೇಶದ ಕ್ರೋಮೈಟ್ ಅದಿರಿನ ಬಹುಪಾಲು ಒಡಿಶಾದ ಸುಕಿಂದಾ ಕಣಿವೆಯದು. ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸೀಮೆಯ ಬೈರಾಪುರದಲ್ಲೂ ಈ ಅದಿರನ್ನು ತೆಗೆದದ್ದುಂಟು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು; ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಕ್ರೋಮಿಯಂ ಸಂಯುಕ್ತಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಅದರ ವೇಲೆನ್ಸಿ ಮೂರು, ಇನ್ನೊಂದರಲ್ಲಿ ಆರು. ಅನುಕೂಲಕ್ಕಾಗಿ ಮೂರರ ಕ್ರೋಮಿಯಂ, ಆರರ ಕ್ರೋಮಿಯಂ ಎನ್ನೋಣ. ಮೂರರದು ಸಾಧು. ಹಸಿರು ಬಣ್ಣ, ನೀರಿನಲ್ಲಿ ಸುಲಭವಾಗಿ ಚಲಿಸುವುದಿಲ್ಲ, ಜೀವಕೋಶದ ಗೋಡೆ ದಾಟಲು ಅದಕ್ಕೆ ಕಷ್ಟ. ಆರರದು ಪುಂಡ. ಹಳದಿ ಅಥವಾ ಕಿತ್ತಳೆ ಬಣ್ಣ, ನೀರಿನಲ್ಲಿ ಸಕ್ಕರೆಯಂತೆ ಕರಗುತ್ತದೆ, ಸಿಕ್ಕ ವಸ್ತುವನ್ನೆಲ್ಲ ಉತ್ಕರ್ಷಿಸುತ್ತದೆ. ಇದರ ಕ್ರೋಮೇಟ್ ಅಯಾನಿನ ಆಕಾರ ನಮ್ಮ ದೇಹಕ್ಕೆ ಬೇಕಾದ ಸಲ್ಫೇಟ್ ಅಯಾನಿನಂತೆಯೇ ಇರುವುದರಿಂದ, ಸಲ್ಫೇಟ್ ಬಂತೆಂದು ಜೀವಕೋಶ ಬಾಗಿಲು ತೆರೆಯುತ್ತದೆ. ಒಳಗೆ ಹೊಕ್ಕ ಮೇಲೆ ಅದು ಮೂರರ ಕ್ರೋಮಿಯಂ ಆಗಿ ಮಾರ್ಪಡುತ್ತದೆ. ಹೊರಗೆ ಸಾಧುವಾಗಿದ್ದ ಆ ಮೂರರ ಕ್ರೋಮಿಯಂ ಒಳಗೆ ಡಿ.ಎನ್.ಎ. ಮತ್ತು ಪ್ರೋಟೀನುಗಳಿಗೆ ಅಂಟಿಕೊಂಡು ಕಾಟ ಕೊಡುತ್ತದೆ.

ಆರರ ಕ್ರೋಮಿಯಂನ ಧೂಳು, ಹನಿ, ಆವಿಗಳನ್ನು ಉಸಿರಾಡಿದ ಕಾರ್ಮಿಕರ ಕಥೆ ಎರಡು ಶತಮಾನ ಹಳೆಯದು. 1827ರಲ್ಲೇ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಲಿಯಂ ಕುಮಿನ್ ಎಂಬ ವೈದ್ಯ ಡೈಕ್ರೋಮೇಟ್ ಮುಟ್ಟುವವರ ಕೈಯಲ್ಲಿ ಆಳವಾದ ಹುಣ್ಣುಗಳನ್ನು ಕಂಡು ಬರೆದಿಟ್ಟ. ಲೇಪನದ ತೊಟ್ಟಿಗಳ ಬಳಿ ನಿಂತವರ ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆಗೆ ರಂಧ್ರ ಬೀಳುತ್ತಿತ್ತು, ನೋವೂ ಆಗದಂತೆ! 1890ರಲ್ಲಿ ಅದೇ ನಾಡಿನಲ್ಲಿ ಕ್ರೋಮ್ ಬಣ್ಣದ ಕಾರ್ಮಿಕನೊಬ್ಬನ ಮೂಗಿನ ಕ್ಯಾನ್ಸರ್ ವರದಿಯಾಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲಿ ಆರರ ಕ್ರೋಮಿಯಂ ಸಂಯುಕ್ತಗಳನ್ನು ಮನುಷ್ಯರಲ್ಲಿ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು.

ನೀರಿಗೆ ಸೇರಿದರೂ ಅದು ಸುಲಭವಾಗಿ ಬಿಡುವ ಪೀಡೆಯಲ್ಲ. ಅಮೆರಿಕದ ಹಿಂಕ್ಲಿ ಎಂಬ ಸಣ್ಣ ಊರಿನ ಅಂತರ್ಜಲಕ್ಕೆ ಇದನ್ನು ಸೇರಿಸಿದ್ದಕ್ಕಾಗಿ ಅನಿಲ ಕಂಪನಿಯೊಂದು 1996ರಲ್ಲಿ 33 ಕೋಟಿ 30 ಲಕ್ಷ ಡಾಲರ್ ಪರಿಹಾರ ಕೊಡಬೇಕಾಯಿತು. ತಮಿಳುನಾಡಿನ ರಾಣಿಪೇಟೆಯಲ್ಲಿ ಮುಚ್ಚಿದ ಕ್ರೋಮೇಟ್ ಕಾರ್ಖಾನೆ ಬಿಟ್ಟು ಹೋದ ಕಸದ ದಿಬ್ಬ ಲಕ್ಷಕ್ಕೂ ಹೆಚ್ಚು ಟನ್ನಿನದು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕೊಳವೆ ಬಾವಿಗಳಲ್ಲೂ ಮಿತಿ ಮೀರಿದ ಕ್ರೋಮಿಯಂ ಸಿಕ್ಕಿದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಹಾಕಿರುವ ಮಿತಿ ಲೀಟರಿಗೆ 0.05 ಮಿಲಿಗ್ರಾಂ ಮಾತ್ರ.

ಸಿಮೆಂಟಿಗೆ ಹೇಗೆ ಬಂತು?

ಸಿಮೆಂಟ್ ಮಾಡುವಾಗ ಯಾರೂ ಕ್ರೋಮಿಯಂ ಬೆರೆಸುವುದಿಲ್ಲ. ಅದು ಕರೆಯದೆ ಬರುವ ನೆಂಟ.

ಮಣ್ಣು ಕಲ್ಲು ಎಂದ ಮೇಲೆ ಅದರಲ್ಲಿ ಎಲ್ಲ ಧಾತುಗಳೂ ಅಷ್ಟಿಷ್ಟು ಇರುತ್ತವೆ. ಸುಣ್ಣಕಲ್ಲು, ಜೇಡಿ, ಕಬ್ಬಿಣದ ಅಂಶದ ಮಣ್ಣು, ಕಲ್ಲಿದ್ದಲ ಬೂದಿ ಎಲ್ಲದರಲ್ಲೂ ಕ್ರೋಮಿಯಂ ಲೇಶ ಪ್ರಮಾಣದಲ್ಲಿರುತ್ತದೆ. ಆದರೆ ಅದು ಮೂರರ ಕ್ರೋಮಿಯಂ, ಸಾಧು. ಈ ಪುಡಿ ತಿರುಗುವ ಗೂಡಿನೊಳಗೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವಿಗೆ ಹೋಗುತ್ತದೆ. ಒಳಗೆ ಗಾಳಿಯ ಆಕ್ಸಿಜನ್ ಇದೆ, ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂಗಳ ಕ್ಷಾರವೂ ಇದೆ. ಕಾವು, ಆಕ್ಸಿಜನ್, ಕ್ಷಾರ ಮೂರೂ ಕೂಡಿದರೆ ಮೂರರ ಕ್ರೋಮಿಯಂ ಆರರದಾಗುತ್ತದೆ. ಕ್ರೋಮೇಟ್ ಕಾರ್ಖಾನೆಯಲ್ಲಿ ಬೇಕೆಂದೇ ನಡೆಸುವ ಕ್ರಿಯೆ ಇಲ್ಲಿ ತಾನಾಗಿ ನಡೆದುಹೋಗುತ್ತದೆ. ಗೂಡಿನ ಒಳಗೋಡೆಗೆ ಕ್ರೋಮ್ ಇಟ್ಟಿಗೆ ಕಟ್ಟಿದ್ದರೆ ಅದು ಸವೆದು ಇನ್ನಷ್ಟು ಸೇರುತ್ತದೆ. ಕ್ಲಿಂಕರನ್ನು ಅರೆಯುವ ಗಿರಣಿಯ ಉಕ್ಕಿನ ಗುಂಡುಗಳಲ್ಲೂ ಕ್ರೋಮಿಯಂ ಇರುವುದರಿಂದ ಅಲ್ಲಿಯೂ ಸ್ವಲ್ಪ ಬರುತ್ತದೆ.

ಪ್ರಮಾಣ ಎಷ್ಟು? ಬೇರೆ ಬೇರೆ ಸಿಮೆಂಟುಗಳಲ್ಲಿ ಬೇರೆ ಬೇರೆ. ನೀರಿನಲ್ಲಿ ಕರಗುವ ಆರರ ಕ್ರೋಮಿಯಂ ಒಂದು ಕಿಲೋ ಸಿಮೆಂಟಿನಲ್ಲಿ ಕೆಲವೇ ಮಿಲಿಗ್ರಾಮಿನಿಂದ ಇಪ್ಪತ್ತು, ಅದಕ್ಕೂ ಹೆಚ್ಚು ಮಿಲಿಗ್ರಾಂವರೆಗೆ ಇರಬಹುದು. ಇಪ್ಪತ್ತೆಂದೇ ಹಿಡಿಯಿರಿ: ಐವತ್ತು ಕಿಲೋ ಚೀಲದಲ್ಲಿ ಒಂದು ಗ್ರಾಂ. ಒಂದು ಹಿಡಿ ತೊಗರಿಯಲ್ಲಿ ಒಂದು ಕಲ್ಲಿನ ಹರಳಿಗಿಂತಲೂ ಎಷ್ಟೋ ಕಡಿಮೆ! ಒಣ ಚೀಲದಲ್ಲಿರುವಾಗ ಅದರ ಉಪದ್ರವ ಕಡಿಮೆ. ನೀರು ಬಿದ್ದ ಕೂಡಲೇ ಕರಗಿ ಹೊರಬರುತ್ತದೆ. ಹಾಗಾಗಿ ಈ ಬೇನೆ ಹೆಚ್ಚಾಗಿ ಕಾರ್ಖಾನೆಯ ಗೇಟಿನೊಳಗಿನದಲ್ಲ, ಹೊರಗಿನದು. ಒಳಗೆ ಯಂತ್ರ ಅರೆಯುತ್ತದೆ, ಯಂತ್ರ ತುಂಬುತ್ತದೆ. ನೀರು ಹಾಕಿ ಬರಿಗೈಯಲ್ಲಿ ಕಲಸುವವನು, ಬರಿಗಾಲಲ್ಲಿ ತುಳಿಯುವವನು ಗೌಂಡಿ ಮತ್ತು ಅವನ ಕೈಯಾಳು. ಬೆವರಿದ ಬೆನ್ನ ಮೇಲೆ ಚೀಲ ಹೊರುವ ಹಮಾಲನಿಗೂ ಸ್ವಲ್ಪ ಪಾಲುಂಟು.

ಸುಡುವುದು ಬೇರೆ, ಒಗ್ಗದಿರುವುದು ಬೇರೆ

ಸಿಮೆಂಟಿನಿಂದ ಚರ್ಮಕ್ಕೆ ಆಗುವ ಕೇಡು ಒಂದೇ ಬಗೆಯದಲ್ಲ. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಜನ ತಪ್ಪು ಮದ್ದು ಮಾಡಿಕೊಳ್ಳುತ್ತಾರೆ.

ಹಸಿ ಸಿಮೆಂಟ್ ಬಲವಾದ ಕ್ಷಾರ. ಅದರ ಪಿ.ಎಚ್. 12ರಿಂದ 13. ಎಲೆ ಅಡಿಕೆಗೆ ಸುಣ್ಣ ಹೆಚ್ಚಾಗಿ ಬಾಯಿ ಬೆಂದವರಿಗೆ ಕ್ಷಾರವೆಂದರೇನೆಂದು ವಿವರಿಸಬೇಕಾಗಿಲ್ಲ. ಗಿಲಾವು ಮಾಡುವಾಗ, ಫರಸಿ ಹಾಸುವಾಗ ಮಂಡಿಯೂರಿ ಗಂಟೆಗಟ್ಟಲೆ ಹಸಿ ಮಾಲಿನ ಮೇಲೆ ಕುಳಿತರೆ ಮಂಡಿಯ ಚರ್ಮ ಬೇಯುತ್ತದೆ. ಆಗ ನೋವು ಗೊತ್ತಾಗುವುದಿಲ್ಲ. ಸಂಜೆ ಪ್ಯಾಂಟ್ ಬಿಚ್ಚಿದಾಗ ಚರ್ಮ ಕಪ್ಪಾಗಿ ಕಿತ್ತು ಬಂದಿರುತ್ತದೆ. ಕ್ಷಾರ ಚರ್ಮದ ಜಿಡ್ಡನ್ನೂ ತೆಗೆಯುತ್ತದೆ, ಮರಳಿನ ಹರಳು ಉಜ್ಜುತ್ತದೆ. ಕೈ ಒಣಗಿ ಸೀಳುತ್ತದೆ. ಇವೆಲ್ಲ ಯಾರಿಗೆ ಬೇಕಾದರೂ ಆಗುವಂಥವು, ಹಸಿ ಸಿಮೆಂಟಿನಿಂದ ದೂರವಿದ್ದರೆ ಮಾಯುವಂಥವು.

ಮೂರನೆಯದು ಕ್ರೋಮಿಯಂನ ಕೈವಾಡ. ಇದು ಬೇಯುವಿಕೆಯಲ್ಲ, ಒಗ್ಗದಿರುವಿಕೆ, ಅಂದರೆ ಅಲರ್ಜಿ. ಕ್ಷಾರ ಬಾಗಿಲು ಮುರಿಯುತ್ತದೆ, ಕ್ರೋಮೇಟ್ ಒಳಗೆ ನುಗ್ಗುತ್ತದೆ. ಒಳಗೆ ಹೋಗಿ ಮೂರರದಾಗಿ ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ ಪ್ರೋಟೀನು ದೇಹದ ಕಾವಲುಗಾರರಾದ ಬಿಳಿ ರಕ್ತಕಣಗಳಿಗೆ ಪರಕೀಯವಾಗಿ ಕಾಣುತ್ತದೆ. ತಿಂಗಳುಗಳು, ಕೆಲವರಲ್ಲಿ ಹತ್ತಾರು ವರ್ಷಗಳು ಏನೂ ಆಗುವುದಿಲ್ಲ. “ಇಪ್ಪತ್ತ ವರ್ಷದಿಂದ ಇದೇ ಸಿಮಿಟ್ ಮುಟ್ಟೀನಿ, ಈಗ್ಯಾಕ ಆಗ್ತದ?” ಎಂದು ಗೌಂಡಿ ಕೇಳುವುದು ಸಹಜ. ಆದರೆ ಒಂದು ದಿನ ಆ ಕಾವಲುಗಾರರು ಗುರುತು ಹಿಡಿದುಬಿಡುತ್ತಾರೆ. ಒಮ್ಮೆ ಹಿಡಿದ ಮೇಲೆ ಮರೆಯುವುದಿಲ್ಲ. ಆ ಮೇಲೆ ಅತ್ಯಲ್ಪ ಪ್ರಮಾಣ ತಾಕಿದರೂ ಒಂದೆರಡು ದಿನದೊಳಗೆ ಕೈ ಉರಿದೇಳುತ್ತದೆ. ಇದು ಬಹುಪಾಲು ಜೀವಮಾನದ ಸಂಗಾತಿ. ಮತ್ತೊಂದು ವಿಚಿತ್ರವೆಂದರೆ, ಹೀಗೆ ಅಲರ್ಜಿಯಾದ ಗೌಂಡಿ ಕರಣೆ ಬಿಟ್ಟು ಬೇರೆ ಕೆಲಸ ಹಿಡಿದರೂ, ಕ್ರೋಮಿಯಂನಿಂದ ಹದ ಮಾಡಿದ ಚರ್ಮದ ಚಪ್ಪಲಿ ಮೆಟ್ಟಿದರೆ ಕಾಲಿನಲ್ಲಿ ಇಸಬು ಏಳಬಹುದು. ಸಿಮೆಂಟ್ ಬಿಟ್ಟರೂ ಚಪ್ಪಲಿ ಬಿಡದು!

ಇದನ್ನು ಪತ್ತೆ ಮಾಡಿದ ಬಗೆಯೂ ಸ್ವಾರಸ್ಯಕರವಾಗಿದೆ. ಪ್ಯಾರಿಸ್ ನಗರದ ಮೆಟ್ರೋ ಸುರಂಗ ತೋಡಿದ ಕೂಲಿಕಾರರ ಕೈಯಲ್ಲಿ ಎದ್ದ ಬೇನೆಗೆ 1908ರಲ್ಲಿ ಅಲ್ಲಿಯ ವೈದ್ಯನೊಬ್ಬ ‘ಸಿಮೆಂಟ್ ಕಜ್ಜಿ’ ಎಂದು ಹೆಸರಿಟ್ಟ. ಸುಣ್ಣವೇ ಕಾರಣವೆಂದು ನಾಲ್ಕು ದಶಕ ಎಲ್ಲರೂ ನಂಬಿದ್ದರು. 1950ರಲ್ಲಿ ಸ್ವಿಟ್ಜರ್ಲೆಂಡಿನ ಜೇಗರ್ ಮತ್ತು ಪೆಲೋನಿ ಎಂಬಿಬ್ಬರು ಸಿಮೆಂಟ್ ಇಸಬಿನ 32 ರೋಗಿಗಳ ಚರ್ಮಕ್ಕೆ ಪೊಟ್ಯಾಸಿಯಂ ಡೈಕ್ರೋಮೇಟಿನ ಸೌಮ್ಯ ದ್ರಾವಣ ಅಂಟಿಸಿ ನೋಡಿದರು. 30 ಮಂದಿಯಲ್ಲಿ ಅಲ್ಲಿಯೇ ಇಸಬು ಎದ್ದಿತು. ಬೇರೆ ಕಾರಣದ ಇಸಬಿದ್ದವರಲ್ಲಿ ಹಾಗಾದದ್ದು ನೂರಕ್ಕೆ ಐವರಿಗೆ ಮಾತ್ರ. ಕಳ್ಳ ಸಿಕ್ಕಿಬಿದ್ದ. ಇಂಗ್ಲೆಂಡ್-ಫ್ರಾನ್ಸ್ ನಡುವೆ ಕಡಲಡಿಯ ಸುರಂಗ ತೋಡುವಾಗಲೂ ಮುನ್ನೂರಕ್ಕೂ ಹೆಚ್ಚು ಕೆಲಸಗಾರರು ಚರ್ಮರೋಗಕ್ಕೆ ತುತ್ತಾದರು. ಅಷ್ಟು ಮುಂದುವರಿದ ದೇಶಗಳಲ್ಲಿ, 1980ರ ದಶಕದ ಕೊನೆಯಲ್ಲಿ ಹೀಗಾಯಿತೆಂದರೆ ನಮ್ಮ ಗೌಂಡಿಯನ್ನು ಅಜಾಗರೂಕನೆಂದು ಬಯ್ಯುವಂತಿಲ್ಲ.

ಜೇಗರ್-ಪೆಲೋನಿ ಮಾಡಿದ ಪರೀಕ್ಷೆಯೇ ಇಂದಿಗೂ ನಡೆಯುತ್ತಿರುವ ಪ್ಯಾಚ್ ಪರೀಕ್ಷೆ. ಬೆನ್ನಿನ ಮೇಲೆ ಸಣ್ಣ ಪಟ್ಟಿಗಳನ್ನು ಅಂಟಿಸಿ ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ. ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಸೂಜಿಯಿಲ್ಲ, ರಕ್ತವಿಲ್ಲ. ಭಾರತದ ಆಸ್ಪತ್ರೆಗಳಲ್ಲಿ ಹೀಗೆ ಪರೀಕ್ಷಿಸಿದ ಗಂಡಸರಲ್ಲಿ ಪದೇ ಪದೇ ಮುಂದಿನ ಸಾಲಿನಲ್ಲಿ ನಿಲ್ಲುವ ವಸ್ತು ಡೈಕ್ರೋಮೇಟೇ. ಆದರೆ ಹಳ್ಳಿಯ ಗೌಂಡಿ ಚರ್ಮರೋಗ ತಜ್ಞರ ತನಕ ಹೋಗುವುದು ಅಪರೂಪ. ಅವನು ಹೋಗುವುದು ಔಷಧದ ಅಂಗಡಿಗೆ. ಅಲ್ಲಿ ಚೀಟಿಯಿಲ್ಲದೆ ಸಿಗುವ ಟ್ಯೂಬಿನಲ್ಲಿ ಬಲವಾದ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಎರಡು ದಿನಕ್ಕೆ ಕಡಿತ ನಿಲ್ಲುತ್ತದೆ, ಗೌಂಡಿ ಕೆಲಸಕ್ಕೆ ಹೋಗುತ್ತಾನೆ, ಮತ್ತೆ ಏಳುತ್ತದೆ, ಮತ್ತೆ ಟ್ಯೂಬು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳ್ಳಗಾಗುತ್ತದೆ. ತೆಳುವಾದ ಚರ್ಮದೊಳಗೆ ಕ್ರೋಮೇಟ್ ಇನ್ನೂ ಸುಲಭವಾಗಿ ಇಳಿಯುತ್ತದೆ.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮೇಲೆ ಹೇಳಿದ ಕ್ಯಾನ್ಸರ್ ಕ್ರೋಮೇಟ್ ಕಾರ್ಖಾನೆ, ಲೇಪನದ ತೊಟ್ಟಿ, ಬಣ್ಣದ ಪುಡಿ ಇವುಗಳ ನಡುವೆ ವರ್ಷಾನುಗಟ್ಟಲೆ ಉಸಿರಾಡಿದವರ ಮಾತು. ಅದನ್ನು ಎತ್ತಿಕೊಂಡು ಬಂದು ಗೌಂಡಿಯನ್ನು ಹೆದರಿಸುವುದು ಸರಿಯಲ್ಲ. ಗೌಂಡಿಗೆ ಸಿಮೆಂಟಿನ ಕ್ರೋಮಿಯಂ ಕಸಿಯುವುದು ಜೀವವನ್ನಲ್ಲ, ಕೈಯನ್ನು. ಕೈಯೇ ಬಂಡವಾಳವಾದವನಿಗೆ ಅದು ಸಣ್ಣ ನಷ್ಟವೂ ಅಲ್ಲ.

ಅಂಗಡಿಯಲ್ಲಿ ಸಿಗುವ ಅನ್ನಭೇದಿ

ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವರಿಗೆ ಒಂದು ಪ್ರಯೋಗ ನೆನಪಿರಬಹುದು. ಪೊಟ್ಯಾಸಿಯಂ ಡೈಕ್ರೋಮೇಟಿನ ಕಿತ್ತಳೆ ದ್ರಾವಣಕ್ಕೆ ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಬೆರೆಸಿ, ಫೆರಸ್ ಸಲ್ಫೇಟ್ ದ್ರಾವಣ ಸುರಿದರೆ ಕಿತ್ತಳೆ ಹೋಗಿ ಹಸಿರು ಬರುತ್ತದೆ. ಫೆರಸ್ ಕಬ್ಬಿಣ ಎಲೆಕ್ಟ್ರಾನು ಕೊಟ್ಟು ಫೆರಿಕ್ ಆಗುತ್ತದೆ. ಆರರ ಕ್ರೋಮಿಯಂ ಅದನ್ನು ಪಡೆದು ಮೂರರದಾಗುತ್ತದೆ. ಪುಂಡ ಸಾಧುವಾಗುವುದು ಕಣ್ಣೆದುರೇ ಕಾಣುತ್ತದೆ.

ಈ ಪ್ರಯೋಗವನ್ನೇ ಸಿಮೆಂಟಿನಲ್ಲಿ ಮಾಡಿದರೆ ಹೇಗೆ? ಸ್ವೀಡನ್ನಿನ ಚರ್ಮತಜ್ಞ ಸಿಗ್‌ಫ್ರಿಡ್ ಫ್ರೆಗರ್ಟ್ ಮತ್ತು ಸಂಗಡಿಗರು 1979ರಲ್ಲಿ ಇದನ್ನು ತೋರಿಸಿಕೊಟ್ಟರು. ಸಿಮೆಂಟಿಗೆ ಫೆರಸ್ ಸಲ್ಫೇಟ್ ಬೆರೆಸಿಟ್ಟರೆ ಸಾಕು, ನೀರು ಬಿದ್ದೊಡನೆ ಅದೂ ಕರಗಿ ಕ್ರೋಮೇಟನ್ನು ಮೂರರದನ್ನಾಗಿ ಮಾಡುತ್ತದೆ. ಕ್ಷಾರದಲ್ಲಿ ಮೂರರ ಕ್ರೋಮಿಯಂ ಕರಗದೆ ಉಳಿಯುವುದರಿಂದ ಚರ್ಮದೊಳಗೆ ಇಳಿಯುವುದಿಲ್ಲ. ಬೇಕಾಗುವ ಪ್ರಮಾಣ ನೂರು ಕಿಲೋ ಸಿಮೆಂಟಿಗೆ ಮುನ್ನೂರೈವತ್ತು ಗ್ರಾಂ ಆಸುಪಾಸು. ಒಂದು ಚೀಲಕ್ಕೆ ಪಾವು ಕಿಲೋಗಿಂತ ಕಡಿಮೆ!

ಫೆರಸ್ ಸಲ್ಫೇಟ್ ಎಂದರೆ ಅಪರೂಪದ ವಸ್ತುವಲ್ಲ. ಕಿರಾಣಿ, ಗ್ರಂಥಿಗೆ ಅಂಗಡಿಗಳಲ್ಲಿ ಅನ್ನಭೇದಿ ಎಂದು ಸಿಗುವ ಹಸಿರು ಹರಳು ಇದೇ. ರಕ್ತಹೀನತೆಗೆ ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲೂ ಬಹಳ ಮಟ್ಟಿಗೆ ಇದೇ ಇರುತ್ತದೆ. ಉಕ್ಕಿನ ಹಾಳೆ ತೊಳೆಯುವ, ಬಿಳಿ ಪೇಂಟಿನ ಟೈಟಾನಿಯಂ ಆಕ್ಸೈಡ್ ಮಾಡುವ ಕಾರ್ಖಾನೆಗಳಲ್ಲಿ ಇದು ಉಪ ಉತ್ಪನ್ನವಾಗಿ ರಾಶಿ ರಾಶಿ ಬೀಳುತ್ತದೆ.

ಡೆನ್ಮಾರ್ಕ್ 1983ರಲ್ಲಿ ಕಾನೂನು ಮಾಡಿತು: ಕಿಲೋ ಸಿಮೆಂಟಿನಲ್ಲಿ ಕರಗುವ ಆರರ ಕ್ರೋಮಿಯಂ 2 ಮಿಲಿಗ್ರಾಂ ಮೀರಕೂಡದು. ಫಿನ್‌ಲೆಂಡ್, ಸ್ವೀಡನ್ ಹಿಂಬಾಲಿಸಿದವು. ಆ ದೇಶಗಳ ಕಾಂಕ್ರೀಟ್ ಕೆಲಸಗಾರರಲ್ಲಿ ಕ್ರೋಮೇಟ್ ಅಲರ್ಜಿ ಎದ್ದು ಕಾಣುವಷ್ಟು ಇಳಿಯಿತು. 2005ರ ಜನವರಿಯಿಂದ ಇಡೀ ಯುರೋಪ್ ಒಕ್ಕೂಟಕ್ಕೇ ಈ ಮಿತಿ ಜಾರಿಗೆ ಬಂತು. ಮನೆಯಲ್ಲಿ ಅನ್ನಭೇದಿ ತಂದು ಬುಟ್ಟಿಗೆ ಸುರಿಯುತ್ತೇನೆಂದು ಯಾರೂ ಹೊರಡಬೇಡಿ. ಅಳತೆ, ನುಣುಪು, ಬೆರಕೆ ಎಲ್ಲ ಹದವಾಗಿರಬೇಕು, ಹೆಚ್ಚಾದರೆ ಸಿಮೆಂಟ್ ಗಟ್ಟಿಯಾಗುವ ಗತಿಯೇ ಬದಲಾದೀತು. ಅದು ಕಾರ್ಖಾನೆಯ ಗಿರಣಿಯಲ್ಲಿ ಆಗಬೇಕಾದ ಕೆಲಸ. ಕ್ಲಿಂಕರಿನ ಪಾಲು ಕಡಿಮೆಯಿರುವ ಸ್ಲ್ಯಾಗ್ ಸಿಮೆಂಟಿನಲ್ಲಿ ಕ್ರೋಮೇಟೂ ಸಾಮಾನ್ಯವಾಗಿ ಕಡಿಮೆ. ಗೂಡಿನ ಕ್ರೋಮ್ ಇಟ್ಟಿಗೆಯ ಬದಲು ಕ್ರೋಮಿಯಂ ಇಲ್ಲದ ಇಟ್ಟಿಗೆಗಳೂ ಬಂದಿವೆ.

ನಮ್ಮ ಕಾನೂನಿಗೆ ಕ್ರೋಮಿಯಂ ಹೊಸದಲ್ಲ. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲೇ, ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಸಾಲಿನಲ್ಲಿ ಕ್ರೋಮ್ ಹುಣ್ಣು ಸೇರಿತ್ತು. ಆದರೆ ಆ ಕಾಯ್ದೆ ಕಾರ್ಖಾನೆಯ ಗೋಡೆಯೊಳಗಿನದು. ಸಂಪಿನ ಪಕ್ಕ ಮಾಲು ಕಲಸುವವನಿಗೆ ಗೋಡೆಯೆಲ್ಲಿದೆ? ಅವನು ಇನ್ನೂ ಗೋಡೆ ಕಟ್ಟುತ್ತಿದ್ದಾನೆ.

ಕೈ ಕಾಯುವ ಬಗೆ

ಹಸಿ ಸಿಮೆಂಟ್ ಚರ್ಮದ ಮೇಲೆ ನಿಲ್ಲುವ ಹೊತ್ತನ್ನು ಕಡಿಮೆ ಮಾಡುವುದೇ ಉಪಾಯದ ಮೂಲ. ಅದಕ್ಕೆ ಕೈಗವಸು ಬೇಕು, ಆದರೆ ಸಿಕ್ಕ ಕೈಗವಸಲ್ಲ. ಬಟ್ಟೆಯದು ನೀರು ಹೀರಿ ಸಿಮೆಂಟನ್ನು ಕೈಗೆ ಒತ್ತಿ ಹಿಡಿಯುತ್ತದೆ, ಬರಿಗೈಯೇ ಮೇಲು. ಚರ್ಮದ ಕೈಗವಸಂತೂ ಹಾಸ್ಯಾಸ್ಪದ, ಅದನ್ನು ಹದ ಮಾಡಿದ್ದೇ ಕ್ರೋಮಿಯಂನಿಂದ! ಮುಂಗೈವರೆಗೆ ಬರುವ ನೈಟ್ರೈಲ್ ರಬ್ಬರಿನ ಕೈಗವಸು ಒಳ್ಳೆಯದು. ಒಳಗೆ ಮಾಲು ಹೊಕ್ಕರೆ ಕೂಡಲೇ ತೆಗೆದು ತೊಳೆಯಬೇಕು. ಕಾಲಿಗೆ ರಬ್ಬರ್ ಬೂಟು. ಕಾಂಕ್ರೀಟ್ ಅದರ ಬಾಯಿಯ ಮೇಲಿಂದ ಒಳಗೆ ಬೀಳದಂತೆ ಪ್ಯಾಂಟನ್ನು ಬೂಟಿನ ಹೊರಗೆ ಬಿಡಬೇಕು. ಮಂಡಿಯೂರುವವರು ಕೆಳಗೆ ದಪ್ಪ ರಬ್ಬರ್ ತುಂಡು ಇಟ್ಟುಕೊಳ್ಳುವುದು ಕ್ಷೇಮ.

ಕೈಯಾಳುಗಳಲ್ಲಿ ಹೆಂಗಸರೇ ಹೆಚ್ಚು. ಬುಟ್ಟಿ ತುಂಬಿ ತಲೆಯ ಮೇಲೆ ಹೊತ್ತು ಏಣಿ ಹತ್ತುವಾಗ ಅಂಚಿನಿಂದ ಸೋರಿದ ಸಿಮೆಂಟ್ ನೀರು ಮುಂಗೈಗುಂಟ ಇಳಿದು ಬಳೆಗಳ ಕೆಳಗೆ ಸೇರುತ್ತದೆ. ಕಾಲುಂಗುರದ ಕೆಳಗೂ ಅಷ್ಟೇ. ಅಲ್ಲಿ ಅದು ಸಂಜೆವರೆಗೆ ಒಣಗದೆ, ತೊಳೆಯದೆ ಕುಳಿತಿರುತ್ತದೆ. ಬಳೆ ತೆಗೆಯಿರಿ ಎಂದು ಹೇಳುವುದು ಸುಲಭ, ನಮ್ಮ ಹೆಣ್ಣುಮಕ್ಕಳು ಒಪ್ಪುವ ಮಾತಲ್ಲ. ಆಗಾಗ ಬಳೆಗಳನ್ನು ಮೇಲಕ್ಕೆ ಸರಿಸಿ ಅದರ ಕೆಳಗೆ ತೊಳೆದುಕೊಂಡರೂ ಸಾಕಷ್ಟು ರಕ್ಷಣೆ. ಸಿಮೆಂಟ್ ಮೆತ್ತಿದ ಸೆರಗಿನಲ್ಲೇ ಮಗುವನ್ನು ಒರೆಸುವುದನ್ನೂ ಬಿಡಬೇಕು.

ತೊಳೆಯುವ ನೀರಿನದೇ ಇನ್ನೊಂದು ತಕರಾರು. ಬಹಳ ಕಡೆ ಒಂದೇ ಡ್ರಮ್ಮು. ಅದರಿಂದಲೇ ಮಾಲಿಗೆ ನೀರು, ಅದರಲ್ಲೇ ಕರಣೆ, ಬುಟ್ಟಿ ಅದ್ದಿ ತೊಳೆಯುವುದು, ಊಟಕ್ಕೆ ಮೊದಲು ಕೈಯನ್ನೂ ಅದರಲ್ಲೇ ಅದ್ದುವುದು. ಮಧ್ಯಾಹ್ನದ ಹೊತ್ತಿಗೆ ಆ ನೀರು ಕ್ಷಾರವೂ ಹೌದು, ಕ್ರೋಮೇಟ್ ದ್ರಾವಣವೂ ಹೌದು. ಕೈಕಾಲಿಗೆಂದು ಬೇರೆ ಒಂದು ಕೊಡ ಶುದ್ಧ ನೀರು ಇಡುವುದಕ್ಕೆ ಗುತ್ತಿಗೆದಾರನಿಗೆ ಖರ್ಚೇನೂ ಇಲ್ಲ. ಸೋಪಿನಿಂದ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಸವರಿದರೆ ಹೋದ ಜಿಡ್ಡು ಮರಳುತ್ತದೆ. ಎಣ್ಣೆ ಕೆಲಸ ಮುಗಿದ ಮೇಲಿನದು; ಹಚ್ಚಿಕೊಂಡು ಬರಿಗೈಯಲ್ಲಿ ಕಲಸಬಹುದೆಂಬ ಧೈರ್ಯ ಬೇಡ. ಕಣ್ಣಿಗೆ ಸಿಡಿದರೆ ಉಜ್ಜದೆ, ರೆಪ್ಪೆ ಅಗಲಿಸಿ ಇಪ್ಪತ್ತು ನಿಮಿಷ ನೀರು ಬಿಡುತ್ತಲೇ ಇದ್ದು ಆಸ್ಪತ್ರೆಗೆ ಓಡಬೇಕು. ಕ್ಷಾರ ಕಣ್ಣನ್ನು ಕಳೆಯಬಲ್ಲದು.

ಶಾಲೆಗಳವರಿಗೂ ಒಂದು ಮಾತು. ವಿಜ್ಞಾನ ವಸ್ತುಪ್ರದರ್ಶನದಲ್ಲಿ ಮಕ್ಕಳು ಕಿತ್ತಳೆ ಪುಡಿಗೆ ಬೆಂಕಿ ಕೊಟ್ಟು ‘ಜ್ವಾಲಾಮುಖಿ’ ಮಾಡಿ ತೋರಿಸುವುದುಂಟು. ಆ ಪುಡಿ ಅಮೋನಿಯಂ ಡೈಕ್ರೋಮೇಟ್. ಕಿಡಿಯೊಂದಿಗೆ ಹಾರುವ ಹಸಿರು ಬೂದಿಯಲ್ಲಿ ಸುಡದೆ ಉಳಿದ ಆರರ ಕ್ರೋಮಿಯಂ ಇರುತ್ತದೆ, ಅದನ್ನು ಸುತ್ತ ನಿಂತ ಮಕ್ಕಳು ಉಸಿರಾಡುತ್ತಾರೆ. ಅಡಿಗೆ ಸೋಡಾ, ವಿನೆಗರ್ ಹಾಕಿ ಉಕ್ಕಿಸಿದ ಜ್ವಾಲಾಮುಖಿಗೂ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ.

ಕೈಯಲ್ಲಿ ಇಸಬು ಎದ್ದು ಮೂರು ನಾಲ್ಕು ವಾರವಾದರೂ ಮಾಯದಿದ್ದರೆ, ರಜೆಯಲ್ಲಿ ಮಾಯ್ದು ಕೆಲಸಕ್ಕೆ ಹೋದೊಡನೆ ಮರಳಿದರೆ, ಅಂಗಡಿಯ ಟ್ಯೂಬು ಬಿಟ್ಟು ಕಲಬುರಗಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗಕ್ಕೆ ಹೋಗುವುದು ಲೇಸು. ಕೆಲಸ ಯಾವುದು ಎಂದು ವೈದ್ಯರು ಕೇಳದಿದ್ದರೂ ತಾವಾಗಿ ಹೇಳಬೇಕು. “ಸಿಮೆಂಟಿನಾಗ ದುಡಿತೀನ್ರಿ” ಎಂಬ ಒಂದು ಮಾತಿನಿಂದ ಅರ್ಧ ರೋಗ ಪತ್ತೆಯಾಗುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರು ಆ ಕಾರ್ಡನ್ನು ಜೊತೆಗೆ ಒಯ್ಯಲಿ.

ಯುರೋಪಿನಲ್ಲಿ ಸಿಮೆಂಟ್ ಚೀಲದ ಮೇಲೆ ಒಂದು ಸಾಲು ಇರುತ್ತದೆ. ಒಳಗೆ ಬೆರೆಸಿದ ಅನ್ನಭೇದಿ ತೇವ ಗಾಳಿಗೆ ಕ್ರಮೇಣ ಸತ್ವ ಕಳೆದುಕೊಳ್ಳುವುದರಿಂದ, ತುಂಬಿದ ದಿನಾಂಕ ಯಾವುದು, ಎಲ್ಲಿಯವರೆಗೆ ಅದು ಕ್ರೋಮಿಯಂ ಅನ್ನು ಹಿಡಿದಿಡುತ್ತದೆ ಎಂದು ಅಚ್ಚು ಹಾಕಿರುತ್ತಾರೆ. ನಮ್ಮಲ್ಲಿ ಚೀಲ ಕೊಳ್ಳುವವರು ಗ್ರೇಡು ಓದುತ್ತಾರೆ, ತಯಾರಾದ ವಾರ ಓದುತ್ತಾರೆ, ಬೆರಳಿನಿಂದ ಒತ್ತಿ ಹೆಂಟೆ ಕಟ್ಟಿದೆಯೇ ನೋಡುತ್ತಾರೆ. ಚೀಲದ ಬಾಯಿ ಬಿಚ್ಚಿ ನೀರು ಸುರಿಯುವವನು ಗೌಂಡಿಯ ಕೈಯಾಳು.